ಕನ್ನಡ ಪಠ್ಯಕ್ಕೆ ಪೈಥಾನ್: ಯಾವ ಪರಿಸರದಲ್ಲಿ ಬರೆಯಬೇಕು?

ಛಂದಸ್ಸಿನ ತರಗತಿಯಲ್ಲಿ ಪ್ರಸ್ತಾರ ಹಾಕಲು ಕಲಿತವರಿಗೆ ಕಂಪ್ಯೂಟರ್ ಪ್ರೋಗ್ರಾಂ ಎಂಬುದು ತೀರ ಹೊರಗಿನ ವಸ್ತುವೇನಲ್ಲ. ಹ್ರಸ್ವಸ್ವರವುಳ್ಳ ಅಕ್ಷರ ಲಘು, ದೀರ್ಘಸ್ವರವುಳ್ಳದ್ದು ಗುರು, ಒತ್ತಕ್ಷರದ ಹಿಂದಿನ ಅಕ್ಷರ, ಅನುಸ್ವಾರ ವಿಸರ್ಗಗಳಿಂದ ಕೂಡಿದ ಅಕ್ಷರ, ವ್ಯಂಜನದ ಹಿಂದಿನ ಅಕ್ಷರ ಇವೆಲ್ಲವೂ ಗುರು, ಶಿಥಿಲದ್ವಿತ್ವವಿದ್ದಲ್ಲಿ ಮಾತ್ರ ಅಪವಾದ. ಹೀಗೆ ಒಂದಾದ ಮೇಲೊಂದು ಪ್ರಶ್ನೆಯನ್ನು ಕೇಳಿಕೊಳ್ಳುತ್ತ ಅಕ್ಷರದಿಂದ ಅಕ್ಷರಕ್ಕೆ ಸಾಗುವ ವಿಧಾನವನ್ನು ಯಂತ್ರಕ್ಕೆ ಅರ್ಥವಾಗುವ ಭಾಷೆಯಲ್ಲಿ ಬರೆದಿಟ್ಟರೆ ಅದೇ ಪ್ರೋಗ್ರಾಂ. ಕನ್ನಡದಲ್ಲಿ ಅದಕ್ಕೆ ಕ್ರಮವಿಧಿ ಎಂಬ ಹೆಸರೂ ಇದೆ. ಆ ಹೆಸರನ್ನು ನೋಡಿದರೆ ನಮ್ಮ ಲಾಕ್ಷಣಿಕರು ಮಾಡಿದ್ದೂ ಬಹುಮಟ್ಟಿಗೆ ಇದೇ ಕೆಲಸವೆನಿಸುತ್ತದೆ.

ಇಂತಹ ಕೆಲಸಗಳಿಗೆ ಇಂದು ಹೆಚ್ಚಾಗಿ ಬಳಕೆಯಾಗುತ್ತಿರುವುದು ಪೈಥಾನ್. ಗೀಡೊ ವಾನ್ ರೋಸಮ್ ಅವರು 1991ರಲ್ಲಿ ಹೊರತಂದ ಈ ಭಾಷೆಗೆ ಹೆಸರು ಬಂದದ್ದು ಹೆಬ್ಬಾವಿನಿಂದಲ್ಲ, ಮಾಂಟಿ ಪೈಥಾನ್ ಎಂಬ ಬ್ರಿಟಿಷ್ ಹಾಸ್ಯತಂಡದಿಂದ. 2008ರ ಕೊನೆಯಲ್ಲಿ ಬಂದ ಅದರ ಮೂರನೆಯ ಆವೃತ್ತಿಯು ಎಲ್ಲ ಪಠ್ಯವನ್ನೂ ಯುನಿಕೋಡ್ ಎಂದೇ ಭಾವಿಸುವುದರಿಂದ ಕನ್ನಡಕ್ಕೆ ಅದು ಸಹಜವಾಗಿ ಒದಗುತ್ತದೆ. ಭಾಷೆಯ ಆಯ್ಕೆ ಹೀಗೆ ಸುಲಭವಾಗಿ ಮುಗಿದರೂ ವಿದ್ಯಾರ್ಥಿಗಳು ಕೇಳುವ ಎರಡನೆಯ ಪ್ರಶ್ನೆ ಅಷ್ಟು ಸುಲಭದ್ದಲ್ಲ: ಇದನ್ನು ಎಲ್ಲಿ ಬರೆಯಬೇಕು?

ಪ್ರೋಗ್ರಾಂ ಬರೆಯಲು ಒಂದು ಎಡಿಟರ್ ಬೇಕು. ಬರೆದದ್ದನ್ನು ಓಡಿಸಿ ಫಲಿತವನ್ನು ತೋರಿಸುವ ಕಿಟಕಿ ಬೇಕು. ತಪ್ಪಾದಾಗ ಎಲ್ಲಿ ತಪ್ಪಿತೆಂದು ಹೆಜ್ಜೆಹೆಜ್ಜೆಯಾಗಿ ನೋಡುವ ಸಾಧನವೂ ಬೇಕು. ಇವೆಲ್ಲವನ್ನೂ ಒಂದೇ ಸೂರಿನಡಿ ಕೂಡಿಸಿಟ್ಟ ತಂತ್ರಾಂಶವನ್ನು ಅಭಿವೃದ್ಧಿ ಪರಿಸರ ಅಥವಾ ಚುಟುಕಾಗಿ ಐಡಿಇ ಎನ್ನುತ್ತಾರೆ. ಐಡಲ್, ಥಾನಿ, ಜುಪಿಟರ್, ವಿಎಸ್ ಕೋಡ್, ಪೈಚಾರ್ಮ್ ಮುಂತಾಗಿ ಇವು ಹತ್ತಾರು ಇವೆ. ಯಾವುದು ಶ್ರೇಷ್ಠವೆಂದು ಕಂಪ್ಯೂಟರ್ ವಿಜ್ಞಾನದ ಗೆಳೆಯರನ್ನು ಕೇಳಿದರೆ ಅವರು ವೇಗ, ಸೌಲಭ್ಯ, ಉದ್ಯೋಗಕ್ಷೇತ್ರದಲ್ಲಿನ ಬಳಕೆ ಇವುಗಳನ್ನು ನೋಡಿ ಉತ್ತರ ಹೇಳುತ್ತಾರೆ. ಅವರ ಮಟ್ಟಿಗೆ ಅದು ಸರಿಯಾದ ಉತ್ತರವೇ. ಆದರೆ ಅವರು ಬರೆಯುವ ಪ್ರೋಗ್ರಾಮಿನಲ್ಲಿ ಒಂದೇ ಒಂದು ಒತ್ತಕ್ಷರವೂ ಇರುವುದಿಲ್ಲ. ನಮ್ಮದರಲ್ಲಿ ಇರುವುದೆಲ್ಲ ಒತ್ತಕ್ಷರ, ಗುಣಿತಾಕ್ಷರಗಳೇ. ಆದಕಾರಣ ನಮ್ಮ ಅಳತೆಗೋಲು ಬೇರೆಯಾಗಬೇಕಾಗುತ್ತದೆ.

ಆ ಅಳತೆಗೋಲನ್ನು ಹೀಗೆ ಹೇಳಬಹುದು: ಕಡತದಲ್ಲಿ ನಿಜವಾಗಿ ಇರುವುದೇನು ಎಂಬುದನ್ನು ಯಾವ ಪರಿಸರವು ನಮಗೆ ಮುಚ್ಚುಮರೆಯಿಲ್ಲದೆ ತೋರಿಸುತ್ತದೆಯೋ ಅದು ನಮಗೆ ತಕ್ಕುದು. ತೆರೆಯ ಮೇಲೆ ಕಾಣುವ ಕನ್ನಡ ಬೇರೆ, ಕಡತದೊಳಗೆ ಇರುವ ಕನ್ನಡ ಬೇರೆ. ತೆರೆಯ ಮೇಲೆ ಚೆಂದವಾಗಿ ಕಾಣುವ ಪಠ್ಯವು ಒಳಗೆ ಕನ್ನಡವೇ ಅಲ್ಲದಿರಬಹುದು. ಚೂರುಚೂರಾಗಿ ಕಾಣುವ ಪಠ್ಯವು ಒಳಗೆ ಸಂಪೂರ್ಣ ಶುದ್ಧವಾಗಿರಬಹುದು. ಈ ಭೇದವನ್ನು ಅರಿಯದೆ ಮಾಡಿದ ಆಯ್ಕೆಯು ವರ್ಷಗಟ್ಟಲೆ ಕೂಡಿಸಿದ ಸಾಮಗ್ರಿಗೆ ಅಪಾಯ ತಂದೊಡ್ಡಬಲ್ಲದು.

ಕನ್ನಡಕ್ಕೆ ಯುನಿಕೋಡ್ ಮೀಸಲಿಟ್ಟಿರುವುದು 128 ಸ್ಥಾನಗಳನ್ನು. ಇದರಲ್ಲಿ ಗುಣಿತಾಕ್ಷರಗಳಾಗಲಿ ಒತ್ತಕ್ಷರಗಳಾಗಲಿ ಬಿಡಿಬಿಡಿಯಾಗಿ ಇಲ್ಲ. ಸ್ವರಗಳು, ಮೂಲ ವ್ಯಂಜನಗಳು, ಸ್ವರಚಿಹ್ನೆಗಳು, ಹಲಂತ ಚಿಹ್ನೆ ಮೊದಲಾದವು ಮಾತ್ರ ಇವೆ. ‘ಕನ್ನಡ’ ಎಂಬುದು ನಮಗೆ ಮೂರು ಅಕ್ಷರ. ಪೈಥಾನಿಗೆ ಅದು ಕ, ನ, ಹಲಂತ, ನ, ಡ ಎಂಬ ಐದು ಸಂಕೇತಗಳು. ‘ಕಾಸರಗೋಡು’ ನಮಗೆ ಐದು ಅಕ್ಷರವಾದರೆ ಅದಕ್ಕೆ ಎಂಟು. ‘ಸ್ತ್ರೀ’ ಎಂಬ ಒಂದೇ ಅಕ್ಷರ ಅದಕ್ಕೆ ಆರು ಸಂಕೇತಗಳ ಸರಮಾಲೆ. ಈ ಸರಮಾಲೆಯನ್ನು ಕೂಡಿಸಿ ಒಂದು ಅಕ್ಷರದ ರೂಪದಲ್ಲಿ ಬರೆದು ತೋರಿಸುವುದು ತೆರೆಯ ಹೊಣೆಗಾರಿಕೆ. ಅದು ಕಡತದ ಗುಣವಲ್ಲ. ಪ್ರಸ್ತಾರದ ಪ್ರೋಗ್ರಾಂ ಬರೆಯುವವನು ಮೊದಲು ಮಾಡಬೇಕಾದ ಕೆಲಸವೇ ಈ ಸಂಕೇತಗಳನ್ನು ಮತ್ತೆ ಅಕ್ಷರಗಳಾಗಿ ಗುಂಪುಗೂಡಿಸುವುದು. ಅದಾದ ಮೇಲಷ್ಟೇ ‘ಕನ್ನಡ’ಕ್ಕೆ ಒಂದು ಗುರು, ಎರಡು ಲಘು, ಒಟ್ಟು ನಾಲ್ಕು ಮಾತ್ರೆ ಎಂಬ ಲೆಕ್ಕಕ್ಕೆ ಬರಲು ಸಾಧ್ಯ.

ಹಳೆಯ ನುಡಿ ಅಥವಾ ಬರಹದ ಫಾಂಟುಗಳಲ್ಲಿ ಬೆರಳಚ್ಚು ಮಾಡಿಟ್ಟ ಕಡತಗಳ ಕಥೆ ಇದಕ್ಕೆ ವಿರುದ್ಧವಾದುದು. ಅಲ್ಲಿ ಕಡತದೊಳಗೆ ಇರುವುದು ರೋಮನ್ ಲಿಪಿಯ ಸಂಕೇತಗಳು. ಅವುಗಳ ಮೇಲೆ ಕನ್ನಡದ ಆಕೃತಿಗಳ ಮುಸುಕು ಹೊದೆಸಿರುತ್ತಾರೆ. ವರ್ಡಿನಲ್ಲಿ ಅದು ಅಚ್ಚುಕಟ್ಟಾದ ಕನ್ನಡ. ಅದನ್ನೇ ಪ್ರೋಗ್ರಾಂ ಬರೆಯುವ ಯಾವುದೇ ಎಡಿಟರಿನಲ್ಲಿ ಅಂಟಿಸಿದರೆ ಮುಸುಕು ಜಾರಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಎದುರಾಗುತ್ತದೆ. ಎಡಿಟರ್ ಕೆಟ್ಟಿತೆಂದು ದೂರುವವರಿದ್ದಾರೆ. ವಾಸ್ತವವಾಗಿ ಆ ಎಡಿಟರ್ ಮೊತ್ತಮೊದಲ ಬಾರಿಗೆ ನಿಜ ಹೇಳಿರುತ್ತದೆ. ಇಂತಹ ಕಡತಗಳನ್ನು ಪರಿವರ್ತಕ ತಂತ್ರಾಂಶದಿಂದ ಯುನಿಕೋಡಿಗೆ ತಿರುಗಿಸಿದ ಮೇಲೆಯೇ ಮುಂದಿನ ಮಾತು.

ಇನ್ನು ವಿಂಡೋಸಿನ ನೋಟ್‌ಪ್ಯಾಡ್. 2019ಕ್ಕಿಂತ ಹಿಂದಿನ ವಿಂಡೋಸ್ ಆವೃತ್ತಿಗಳಲ್ಲಿ ಅದು ಕಡತಗಳನ್ನು ಆನ್ಸಿ ಎಂಬ ಹಳೆಯ ಸಂಕೇತಪದ್ಧತಿಯಲ್ಲಿ ಉಳಿಸುವುದನ್ನೇ ರೂಢಿಯಾಗಿಟ್ಟುಕೊಂಡಿತ್ತು. ಕನ್ನಡವನ್ನು ಹಾಗೆ ಉಳಿಸಲು ಹೋದಾಗ ಬರುವ ಎಚ್ಚರಿಕೆಯನ್ನು ಓದದೆ ‘ಓಕೆ’ ಒತ್ತಿದರೆ ಪ್ರತಿಯೊಂದು ಸಂಕೇತದ ಜಾಗದಲ್ಲಿಯೂ ಒಂದು ಪ್ರಶ್ನಾರ್ಥಕ ಚಿಹ್ನೆ ಕುಳಿತುಬಿಡುತ್ತದೆ. ಫಾಂಟ್ ಬದಲಿಸಿದರೆ ಅದು ಸರಿಹೋಗದು. ಕನ್ನಡವು ಕಡತದಿಂದಲೇ ಅಳಿದುಹೋಗಿರುತ್ತದೆ. ಹಿರಿಯರ ಬಾಯಿಂದ ಬರೆದುಕೊಂಡ, ಯಾವ ಅಚ್ಚಾದ ನಿಘಂಟಿನಲ್ಲಿಯೂ ಸಿಗದ ಮಾತುಗಳ ಪಟ್ಟಿಯೊಂದು ಹೀಗೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾದರೆ ಅದನ್ನು ಮರಳಿ ಪಡೆಯಲು ಮತ್ತೆ ಆ ಹಿರಿಯರ ಮನೆಗೇ ಹೋಗಬೇಕು. ಎಲ್ಲ ಸಂದರ್ಭಗಳಲ್ಲಿಯೂ ಅದು ಸಾಧ್ಯವಾಗುವುದಿಲ್ಲವೆಂಬುದನ್ನು ಕ್ಷೇತ್ರಕಾರ್ಯ ಮಾಡಿದವರಿಗೆ ಹೇಳಬೇಕಾಗಿಲ್ಲ.

ಈಗ ಪರಿಸರಗಳನ್ನು ನೋಡೋಣ. ಪೈಥಾನನ್ನು ಅಳವಡಿಸಿದೊಡನೆ ಸಾಮಾನ್ಯವಾಗಿ ಜೊತೆಯಲ್ಲಿಯೇ ಬರುವುದು ಐಡಲ್. ನಾಲ್ಕು ಸಾಲು ಬರೆದು ಓಡಿಸಿ ನೋಡಲು ಅದು ಸಾಕು. ಅದಕ್ಕಿಂತ ಒಂದು ಮೆಟ್ಟಿಲು ಮೇಲಿರುವುದು ಥಾನಿ. ಎಸ್ಟೋನಿಯಾದ ಟಾರ್ಟು ವಿಶ್ವವಿದ್ಯಾಲಯದಲ್ಲಿ, ಹೊಸದಾಗಿ ಕಲಿಯುವವರನ್ನೇ ಕಣ್ಮುಂದಿಟ್ಟುಕೊಂಡು ರೂಪಿಸಿದ ತಂತ್ರಾಂಶವಿದು. ಇದರೊಳಗೇ ಪೈಥಾನ್ ಅಡಕವಾಗಿರುವುದರಿಂದ ಬೇರೆಯಾಗಿ ಅಳವಡಿಸುವ ಗೊಡವೆಯಿಲ್ಲ. ಹಳೆಯ ಲ್ಯಾಪ್‌ಟಾಪಿನಲ್ಲಿಯೂ ಹಗುರವಾಗಿ ನಡೆಯುತ್ತದೆ.

ಥಾನಿಯ ಹೆಚ್ಚುಗಾರಿಕೆ ಇರುವುದು ಅದರ ಹೆಜ್ಜೆನೋಟದಲ್ಲಿ. ಪ್ರಸ್ತಾರದ ಪ್ರೋಗ್ರಾಮನ್ನು ಅದರಲ್ಲಿ ನಿಧಾನವಾಗಿ ಓಡಿಸಿದರೆ ಒಂದೊಂದು ಹೆಜ್ಜೆಗೂ ಯಾವ ಸಾಲು ನಡೆಯುತ್ತಿದೆ, ಆಗ ಕೈಯಲ್ಲಿರುವ ಅಕ್ಷರ ಯಾವುದು, ಈವರೆಗಿನ ಮಾತ್ರೆಗಳ ಮೊತ್ತ ಎಷ್ಟು ಎಂಬುದು ಪಕ್ಕದ ಕಿಟಕಿಯಲ್ಲಿ ಬದಲಾಗುತ್ತ ಹೋಗುತ್ತದೆ. ಒಂದು ಸಾಲಿನೊಳಗಿನ ಲೆಕ್ಕವನ್ನೂ ಅದು ಬಿಡಿಸಿ ಬಿಡಿಸಿ ತೋರಿಸುತ್ತದೆ. ಕನ್ನಡ ಎಂಬಲ್ಲಿ ‘ಕ’ವನ್ನು ಲಘುವೆಂದು ತಪ್ಪಾಗಿ ಎಣಿಸಿದ ಪ್ರೋಗ್ರಾಂ ಯಾವ ಹೆಜ್ಜೆಯಲ್ಲಿ ಮುಂದಿನ ಒತ್ತಕ್ಷರವನ್ನು ಗಮನಿಸದೆ ಹೋಯಿತೆಂಬುದು ಕಣ್ಣಿಗೆ ಕಟ್ಟಿದಂತೆ ತಿಳಿಯುತ್ತದೆ. ಕಪ್ಪುಹಲಗೆಯ ಮೇಲೆ ಪ್ರಸ್ತಾರ ಹಾಕುವ ಅಧ್ಯಾಪಕರು ಮಾಡುವುದೂ ಇದನ್ನೇ. ಮೊದಲ ಮೂರು ನಾಲ್ಕು ತಿಂಗಳು ಬೇರೆ ಯಾವುದರ ಕಡೆಗೂ ನೋಡದೆ ಥಾನಿಯಲ್ಲಿಯೇ ಇರುವುದು ಲೇಸೆಂದು ನನ್ನ ಅಭಿಪ್ರಾಯ.

ಆದರೆ ಇಲ್ಲೊಂದು ತೊಡಕಿದೆ. ಐಡಲ್, ಥಾನಿ ಎರಡೂ ತೆರೆಯ ಮೇಲೆ ಬರೆಯಲು ಟಿಕೆ ಎಂಬ ಒಂದೇ ಉಪಕರಣವನ್ನು ನೆಚ್ಚಿಕೊಂಡಿವೆ. ವಿಂಡೋಸಿನಲ್ಲಿ ಒತ್ತಕ್ಷರಗಳನ್ನು ಕೂಡಿಸುವ ಕೆಲಸವನ್ನು ವಿಂಡೋಸೇ ಮಾಡಿಕೊಡುವುದರಿಂದ ಕನ್ನಡವು ಬಹುಮಟ್ಟಿಗೆ ಸರಿಯಾಗಿಯೇ ಕಾಣುತ್ತದೆ. ಅಕ್ಷರದ ನಡುವೆ ಕರ್ಸರ್ ಎಲ್ಲಿ ನಿಂತಿದೆ ಎಂಬುದು ಮಾತ್ರ ಕೆಲವೊಮ್ಮೆ ಗೊಂದಲವಾಗುತ್ತದೆ. ಲಿನಕ್ಸಿನಲ್ಲಿ ಟಿಕೆಯ 8.6ನೆಯ ಆವೃತ್ತಿಯವರೆಗೂ ಈ ಕೂಡಿಸುವ ಕೆಲಸ ನಡೆಯುವುದಿಲ್ಲ. ‘ಕನ್ನಡ’ ಎಂದು ಬರೆದರೆ ನಕಾರ, ಅದರ ಪಕ್ಕದಲ್ಲಿ ಬಿಡಿಯಾಗಿ ಹಲಂತ ಚಿಹ್ನೆ, ಮತ್ತೊಂದು ನಕಾರ ಹೀಗೆ ಎಲ್ಲವೂ ಬಿಚ್ಚಿಕೊಂಡು ಕಾಣುತ್ತವೆ. ಕೇರಳದ ಶಾಲೆಗಳಲ್ಲಿ ಓದಿಬಂದ ನಮ್ಮ ವಿದ್ಯಾರ್ಥಿಗಳಿಗೆ, ಕನ್ನಡ ಮಾಧ್ಯಮದವರೂ ಸೇರಿದಂತೆ, ಕೈಟ್ ಸಂಸ್ಥೆಯ ಮೂಲಕ ಲಿನಕ್ಸ್ ಮೊದಲೇ ಪರಿಚಿತವಾಗಿರುತ್ತದೆ. ಗಡಿಯಾಚೆಯ ಗೆಳೆಯರಿಗಿಂತ ಇದು ಅವರಿಗಿರುವ ಅನುಕೂಲ. ಹಾಗಾಗಿಯೇ ಈ ಬಿಚ್ಚಿಕೊಂಡ ಕನ್ನಡವನ್ನು ಕಂಡು ಕಂಗೆಡುವವರೂ ಅವರೇ. ಕಂಗೆಡಬೇಕಾಗಿಲ್ಲ. ಕಡತದಲ್ಲಿರುವ ಕನ್ನಡಕ್ಕೆ ಏನೂ ಆಗಿರುವುದಿಲ್ಲ. ಅದೇ ಕಡತವನ್ನು ಕೇಟ್ ಅಥವಾ ಜೀನಿಯಂತಹ ಹಗುರವಾದ ಎಡಿಟರಿನಲ್ಲಿ ತೆರೆದರೆ ಅಕ್ಷರಗಳೆಲ್ಲ ಕೂಡಿಕೊಂಡೇ ಕಾಣುತ್ತವೆ. ಕಲಿಯುವವನಿಗೆ ಈ ಬಿಚ್ಚಿದ ನೋಟವೂ ಒಂದು ಪಾಠವೇ: ಪೈಥಾನ್ ಕಾಣುವ ಕನ್ನಡ ಅದು.

ಲಿನಕ್ಸ್ ಮತ್ತು ವಿಂಡೋಸ್‌ಗಳ ನಡುವೆ ಇನ್ನೂ ಒಂದು ಕಂದರವಿದೆ. ಪ್ರಯೋಗಾಲಯದ ಲಿನಕ್ಸಿನಲ್ಲಿ ಸರಾಗವಾಗಿ ನಡೆದ ಪ್ರೋಗ್ರಾಂ ಮನೆಯ ವಿಂಡೋಸ್ ಯಂತ್ರದಲ್ಲಿ ಮೊದಲ ಸಾಲಿಗೇ ನಿಂತುಬಿಡುವುದುಂಟು. ಕಾರಣವಿಷ್ಟೆ: ಕಡತವನ್ನು ತೆರೆಯುವಾಗ ಸಂಕೇತಪದ್ಧತಿ ಯಾವುದೆಂದು ನಾವು ಹೇಳದಿದ್ದರೆ ಪೈಥಾನ್ ತಾನಿರುವ ಯಂತ್ರದ ರೂಢಿಯನ್ನು ಅನುಸರಿಸುತ್ತದೆ. ಲಿನಕ್ಸಿನ ರೂಢಿ ಯುಟಿಎಫ್-8; ನಮ್ಮಲ್ಲಿನ ಹೆಚ್ಚಿನ ವಿಂಡೋಸ್ ಯಂತ್ರಗಳ ರೂಢಿ ಪಶ್ಚಿಮ ಯೂರೋಪಿನ ಭಾಷೆಗಳಿಗಾಗಿ ಮಾಡಿದ 1252 ಎಂಬ ಹಳೆಯ ಕೋಷ್ಟಕ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟುಗಳು ಬೇಕು. ಹಲಂತ ಚಿಹ್ನೆಯ ಮೂರನೆಯ ಬೈಟಿಗೂ ಕೊಂಬಿನ ಮೂರನೆಯ ಬೈಟಿಗೂ ಆ ಹಳೆಯ ಕೋಷ್ಟಕದಲ್ಲಿ ಸ್ಥಾನವೇ ಇಲ್ಲ. ಹೀಗಾಗಿ ಒಂದು ಒತ್ತಕ್ಷರವೋ ಒಂದು ಉಕಾರವೋ ಬಂದೊಡನೆ ಪೈಥಾನ್ ದೋಷವನ್ನು ಸಾರಿ ನಿಲ್ಲುತ್ತದೆ. ಅದು ನಿಲ್ಲುವುದು ನಮ್ಮ ಪುಣ್ಯ. ‘ಮರ’, ‘ಜನ’ ಎಂಬಂತಹ ಪದಗಳೇ ಇರುವ ಸಾಲಾದರೆ ಅದು ನಿಲ್ಲದೆ, ಸದ್ದಿಲ್ಲದೆ ತಪ್ಪಾಗಿ ಓದಿಕೊಂಡು ಮುಂದುವರಿಯುತ್ತದೆ. ಆದ್ದರಿಂದ ಯಾವ ಪರಿಸರದಲ್ಲಿ ಬರೆಯಲಿ, ಕಡತವನ್ನು ತೆರೆಯುವ ಪ್ರತಿಯೊಂದು ಸಾಲಿನಲ್ಲಿಯೂ ಎನ್‌ಕೋಡಿಂಗ್ ಯುಟಿಎಫ್-8 ಎಂದು ಸ್ಪಷ್ಟವಾಗಿ ನಮೂದಿಸಬೇಕು. ಪರಿಸರವು ಇದನ್ನು ನಮ್ಮ ಪರವಾಗಿ ನೋಡಿಕೊಳ್ಳುತ್ತದೆಂದು ನಂಬಿ ಕೂರಬಾರದು.

ಪದಪಟ್ಟಿ, ಪದಗಳ ಆವೃತ್ತಿ, ಛಂದೋಬಂಧಗಳ ಹೋಲಿಕೆ ಮುಂತಾದ ಅನ್ವೇಷಣೆಯ ಕೆಲಸಕ್ಕೆ ಬಂದಾಗ ಜುಪಿಟರಿನ ಸೊಗಸೇ ಬೇರೆ. ಐಪೈಥಾನ್ ಎಂಬ ಯೋಜನೆಯಿಂದ 2014ರಲ್ಲಿ ಕವಲೊಡೆದು ಬಂದ ಇದು ನಮ್ಮ ಯಂತ್ರದಲ್ಲಿಯೇ, ಬ್ರೌಸರಿನೊಳಗೆ, ಅಂತರ್ಜಾಲವಿಲ್ಲದೆಯೂ ನಡೆಯುತ್ತದೆ. ಪುಟವು ಕೋಶಗಳಾಗಿ ಹಂಚಿಕೊಂಡಿರುತ್ತದೆ. ಒಂದು ಕೋಶದಲ್ಲಿ ನಮ್ಮ ಟಿಪ್ಪಣಿ, ಮುಂದಿನದರಲ್ಲಿ ನಾಲ್ಕು ಸಾಲು ಪ್ರೋಗ್ರಾಂ, ಅದರ ಕೆಳಗೇ ಫಲಿತ. ಟಿಪ್ಪಣಿಯನ್ನು ಕನ್ನಡದಲ್ಲಿಯೇ ಬರೆಯಬಹುದು. ಬ್ರೌಸರ್ ಕನ್ನಡವನ್ನು ಚೆನ್ನಾಗಿ ಬಲ್ಲದಾದಕಾರಣ ಲಿನಕ್ಸಿನಲ್ಲಿಯೂ ಒತ್ತಕ್ಷರಗಳು ಒಡೆಯುವುದಿಲ್ಲ. ಕಿರುಪ್ರಬಂಧ ಬರೆಯುವ ಸ್ನಾತಕೋತ್ತರ ವಿದ್ಯಾರ್ಥಿಗೆ ತಾನು ಹೇಗೆ ಈ ನಿರ್ಣಯಕ್ಕೆ ಬಂದೆನೆಂದು ಮಾರ್ಗದರ್ಶಕರಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಕಡತ ಬೇರೊಂದಿಲ್ಲ.

ಆದರೆ ಜುಪಿಟರಿನ ಕೋಶಗಳನ್ನು ಯಾವ ಕ್ರಮದಲ್ಲಿ ಬೇಕಾದರೂ ಓಡಿಸಬಹುದಾದ್ದರಿಂದ ಒಂದು ಮೋಸವೂ ಸಾಧ್ಯ. ಐದನೆಯ ಕೋಶವನ್ನು ಓಡಿಸಿ, ಆಮೇಲೆ ಎರಡನೆಯದನ್ನು ತಿದ್ದಿ, ಐದನೆಯದನ್ನು ಮತ್ತೆ ಓಡಿಸಲು ಮರೆತರೆ ಪುಟದಲ್ಲಿ ಕಾಣುವ ಪ್ರೋಗ್ರಾಮಿಗೂ ಅದರ ಕೆಳಗಿನ ಫಲಿತಕ್ಕೂ ಸಂಬಂಧವೇ ಇರುವುದಿಲ್ಲ. ಕಾಣುವುದು ಬೇರೆ ಇರುವುದು ಬೇರೆ ಎಂಬ ಮಾತು ಇಲ್ಲಿಯೂ ಸಲ್ಲುತ್ತದೆ. ಯಾರಿಗಾದರೂ ಒಪ್ಪಿಸುವ ಮೊದಲು ಎಲ್ಲವನ್ನೂ ಮರುಆರಂಭಿಸಿ ಮೊದಲ ಕೋಶದಿಂದ ಓಡಿಸುವ ಆಜ್ಞೆಯನ್ನು ಕೊಡುವುದು ಕಡ್ಡಾಯವೆಂದು ಭಾವಿಸಬೇಕು. ಚಿತ್ರನಕ್ಷೆ ಬರೆಸಿದಾಗ ಕನ್ನಡದ ಹೆಸರುಗಳ ಬದಲು ಖಾಲಿ ಚೌಕಗಳು ಬಂದರೆ ಅದು ಜುಪಿಟರಿನ ದೋಷವಲ್ಲ. ಚಿತ್ರ ಬರೆಯುವ ಮ್ಯಾಟ್‌ಪ್ಲಾಟ್‌ಲಿಬ್ ತಾನಾಗಿ ಆರಿಸಿಕೊಳ್ಳುವ ಫಾಂಟಿನಲ್ಲಿ ಕನ್ನಡವಿಲ್ಲ. ನೋಟೊ ಸ್ಯಾನ್ಸ್ ಕನ್ನಡ ಅಥವಾ ಲೋಹಿತ್ ಕನ್ನಡ ಫಾಂಟಿನ ಹೆಸರನ್ನು ಹೇಳಿದರೆ ಚೌಕಗಳು ಹೋಗುತ್ತವೆ, ಒತ್ತಕ್ಷರಗಳು ಆಗಲೂ ಒಡೆದು ಕಾಣಬಹುದು.

ಜುಪಿಟರನ್ನೇ ಗೂಗಲ್ ತನ್ನ ಯಂತ್ರಗಳಲ್ಲಿ ಕೊಲ್ಯಾಬ್ ಎಂಬ ಹೆಸರಿನಿಂದ ಉಚಿತವಾಗಿ ಒದಗಿಸುತ್ತದೆ. ಸ್ವಂತ ಯಂತ್ರ ದುರ್ಬಲವಾಗಿರುವವರಿಗೆ ಅದು ವರದಾನ. ಸರಿಯಾದ ಅಂತರ್ಜಾಲ ಸಂಪರ್ಕ ಬೇಕೇಬೇಕು. ಅವಧಿ ಮುಗಿದಾಗ, ಡ್ರೈವಿನಲ್ಲಿ ಇಡದೆ ನೇರವಾಗಿ ಏರಿಸಿದ ಕಡತಗಳು ಅಳಿದುಹೋಗುತ್ತವೆ. ಇದಕ್ಕಿಂತ ಗಂಭೀರವಾದ ಸಂಗತಿಯೊಂದಿದೆ. ಮಾಹಿತಿದಾರರು ತಮ್ಮ ಮನೆಯಂಗಳದಲ್ಲಿ ಕುಳಿತು ನಮ್ಮನ್ನು ನಂಬಿ ಹೇಳಿದ ಮಾತುಗಳನ್ನು, ಅವರ ಹೆಸರು ವಿಳಾಸಗಳ ಸಮೇತ, ಬೇರೆಯವರ ಯಂತ್ರಕ್ಕೆ ಏರಿಸಲು ಅವರ ಒಪ್ಪಿಗೆ ಇದೆಯೇ? ಅಚ್ಚಾದ ಕಾವ್ಯದ ಪಠ್ಯಕ್ಕೆ ಕೊಲ್ಯಾಬ್ ಆಗಬಹುದು, ಕ್ಷೇತ್ರಕಾರ್ಯದ ಸಾಮಗ್ರಿಗೆ ಬೇಡ.

ಕೆಲಸ ಬೆಳೆದು ಹತ್ತಾರು ಕಡತಗಳಾದಾಗ ವಿಎಸ್ ಕೋಡ್ ನೆರವಿಗೆ ಬರುತ್ತದೆ. ಮೈಕ್ರೋಸಾಫ್ಟ್ 2015ರಲ್ಲಿ ಹೊರತಂದ ಇದು ಉಚಿತ. ಇದರ ಮೂಲಸಂಕೇತವು ಮುಕ್ತವಾಗಿರುವುದರಿಂದ, ಬಳಕೆಯ ವಿವರಗಳನ್ನು ಮೈಕ್ರೋಸಾಫ್ಟಿಗೆ ಕಳುಹಿಸದ ವಿಎಸ್‌ಕೋಡಿಯಂ ಎಂಬ ರೂಪವೂ ಲಭ್ಯ. ಇದರೊಳಗೆ ಪೈಥಾನ್ ಇಲ್ಲವೆಂಬುದನ್ನು ಹೊಸಬರು ನೆನಪಿಡಬೇಕು; ಪೈಥಾನನ್ನೂ ಅದಕ್ಕೆಂದಿರುವ ವಿಸ್ತರಣೆಯನ್ನೂ ಬೇರೆಬೇರೆಯಾಗಿ ಅಳವಡಿಸಿಕೊಳ್ಳಬೇಕು. ಇದರ ಒಡಲಲ್ಲಿರುವುದು ಕ್ರೋಮ್ ಬ್ರೌಸರಿನ ಯಂತ್ರವೇ ಆದ್ದರಿಂದ ಕನ್ನಡ ಚೆನ್ನಾಗಿ ಮೂಡುತ್ತದೆ, ಅಷ್ಟೇ ನೆನಪುಶಕ್ತಿಯನ್ನೂ ಬೇಡುತ್ತದೆ. ಸಾಲುಗಳ ನಡುವಿನ ಅಂತರವನ್ನು ಹೊಂದಿಕೆಗಳಲ್ಲಿ ಸ್ವಲ್ಪ ಹೆಚ್ಚಿಸಿಕೊಳ್ಳಬೇಕು, ಇಲ್ಲವಾದರೆ ಒತ್ತುಗಳು ಕೆಳಗಿನ ಸಾಲಿಗೆ ತಾಗುತ್ತವೆ. ಇಂಗ್ಲಿಷ್ ಅಕ್ಷರಗಳಂತೆ ಸಮಾನ ಅಗಲದ ಕಂಬಸಾಲುಗಳಲ್ಲಿ ಕನ್ನಡ ಕೂರುವುದಿಲ್ಲ. ಪೈಥಾನಿನಲ್ಲಿ ಅರ್ಥವಿರುವುದು ಸಾಲಿನ ಮೊದಲಿನ ಖಾಲಿ ಜಾಗಕ್ಕೆ ಮಾತ್ರವಾದ್ದರಿಂದ ಇದರಿಂದ ಬಾಧಕವಿಲ್ಲ.

ವಿಎಸ್ ಕೋಡನ್ನು ನಾನು ಮೆಚ್ಚುವುದು ಎರಡು ಕಾರಣಗಳಿಗಾಗಿ. ಮೊದಲನೆಯದು, ತೆರೆದಿರುವ ಕಡತದ ಸಂಕೇತಪದ್ಧತಿ ಯಾವುದೆಂದು ಕೆಳಗಿನ ಪಟ್ಟಿಯಲ್ಲಿ ಸದಾ ಬರೆದಿರುತ್ತದೆ. ಬೇರೆ ಪದ್ಧತಿಯಲ್ಲಿ ತೆರೆದು ನೋಡಲು, ಯುಟಿಎಫ್-8ಕ್ಕೆ ಬದಲಿಸಿ ಉಳಿಸಲು ಅಲ್ಲಿಯೇ ಒತ್ತಿದರಾಯಿತು. ಎರಡನೆಯದು, ಕಣ್ಣಿಗೆ ಕಾಣದ ಸಂಕೇತಗಳನ್ನು ಅದು ಕಾಣಿಸುತ್ತದೆ. ಇದನ್ನು ಕೊಂಚ ವಿವರಿಸಬೇಕು.

ಒತ್ತಕ್ಷರವಾಗಿ ಕೂಡಿಕೊಳ್ಳಬಾರದ ಕಡೆ, ‘ರಾಜ್‌ಕುಮಾರ್’ ಎಂಬಂತಹ ಹೆಸರುಗಳಲ್ಲಿ, ಶೂನ್ಯ ಅಗಲದ ಒಂದು ಸಂಕೇತವನ್ನು ನಾವು ನಡುವೆ ಸೇರಿಸುತ್ತೇವೆ. ಕೆಲವು ಬೆರಳಚ್ಚು ತಂತ್ರಾಂಶಗಳು ಇದನ್ನು ಪದದ ಕೊನೆಯ ಹಲಂತದ ಮೇಲೂ ತಾವಾಗಿ ಸೇರಿಸುತ್ತವೆ. ಕನ್ನಡದಲ್ಲಿ ವ್ಯಂಜನಾಂತ ಪದಗಳು ಕಡಿಮೆ. ಆದರೆ ನಮ್ಮ ಈ ಬಹುಭಾಷಾ ನಾಡಿನಲ್ಲಿ ಕನ್ನಡ ಲಿಪಿಯಲ್ಲಿಯೇ ಬರೆಯುವ ತುಳುವಿನಲ್ಲಿ ಪದಾಂತ್ಯದ ಅರೆ ಉಕಾರವನ್ನು ಸೂಚಿಸುವುದು ಹಲಂತ ಚಿಹ್ನೆಯಿಂದಲೇ. ಒಬ್ಬ ವಿದ್ಯಾರ್ಥಿ ‘ನೀರ್’ ಎಂದು ಬರೆದ. ಇನ್ನೊಬ್ಬಳು ಬೇರೆ ಕೀಲಿಮಣೆಯಲ್ಲಿ ‘ನೀರ್‌’ ಎಂದು ಬರೆದಳು. ಎರಡನ್ನೂ ಮೇಲೆ ಕೆಳಗೆ ಇಟ್ಟು ಎಷ್ಟು ಹೊತ್ತು ದಿಟ್ಟಿಸಿದರೂ ವ್ಯತ್ಯಾಸ ಕಾಣದು. ಪೈಥಾನಿಗೆ ಅವು ಎರಡು ಬೇರೆ ಪದಗಳು.

ಇದರ ಪರಿಣಾಮ ಸಣ್ಣದಲ್ಲ. ವಿ. ಕೃಷ್ಣ ಅವರು ದಶಕಗಳ ದುಡಿಮೆಯಿಂದ ಸಂಕಲಿಸಿದ, ಒಂದೂವರೆ ಲಕ್ಷ ನಮೂದುಗಳ ‘ಅಲರ್’ ಕನ್ನಡ–ಇಂಗ್ಲಿಷ್ ನಿಘಂಟು 2019ರಲ್ಲಿ ಮುಕ್ತ ಪರವಾನಗಿಯಡಿ ದೊರಕಿದ ಮೇಲೆ, ನಮ್ಮ ಊರಿನ ಕನ್ನಡದ ಪದಪಟ್ಟಿಯನ್ನು ಅದರೊಡನೆ ಹೋಲಿಸಿ ನಿಘಂಟಿನಲ್ಲಿಲ್ಲದ ಮಾತುಗಳನ್ನು ಹೆಕ್ಕಿ ತೆಗೆಯುವುದು ಒಂದು ಸಂಜೆಯ ಕೆಲಸವಾಗಿದೆ. ಹವ್ಯಕ ಕನ್ನಡದಂತಹ ಉಪಭಾಷೆಗಳ ಅಧ್ಯಯನಕ್ಕೆ ಇದಕ್ಕಿಂತ ಒಳ್ಳೆಯ ಆರಂಭವಿಲ್ಲ. ಆದರೆ ಕಾಣದ ಸಂಕೇತವೊಂದು ಅಂಟಿಕೊಂಡ ಮಾತ್ರಕ್ಕೆ ನಿಘಂಟಿನಲ್ಲಿ ಇರುವ ಪದವೂ ಇಲ್ಲವೆಂದು ಬರುತ್ತದೆ; ಸಾಮಾನ್ಯ ಕನ್ನಡ ಪದವೊಂದು ಅಪೂರ್ವ ಪ್ರಾದೇಶಿಕ ಪದವೆಂಬ ಗೌರವವನ್ನು ಪಡೆದು ಪ್ರಬಂಧದಲ್ಲಿ ಅಚ್ಚಾಗುತ್ತದೆ. ವಿಎಸ್ ಕೋಡಿನಲ್ಲಿ ಇಂತಹ ಕಾಣದ ಸಂಕೇತಗಳ ಸುತ್ತ ಚೌಕಟ್ಟು ಹಾಕಿ ತೋರಿಸುವ ಏರ್ಪಾಡಿದೆ. ಸರಳ ಪಠ್ಯದ ಕಡತಗಳಲ್ಲಿ ಅದು ತಾನಾಗಿ ಕೆಲಸ ಮಾಡದಿದ್ದರೆ ಹೊಂದಿಕೆಗಳಲ್ಲಿ ಚಾಲನೆ ಕೊಟ್ಟುಕೊಳ್ಳಬೇಕು. ಥಾನಿ, ಜುಪಿಟರ್‌ಗಳಲ್ಲಿಯೂ ಉಪಾಯವುಂಟು: ಪದವನ್ನು ಮುದ್ರಿಸಲು ಹೇಳುವ ಬದಲು ಅದನ್ನು ಹೊತ್ತ ಚರಾಕ್ಷರದ ಹೆಸರನ್ನಷ್ಟೇ ಬರೆದು ಓಡಿಸಿದರೆ, ಅಡಗಿಕೊಂಡ ಸಂಕೇತವು 200ಸಿ ಎಂಬ ತನ್ನ ಸಂಖ್ಯೆಯೊಡನೆ ಹೊರಬೀಳುತ್ತದೆ.

ಗ್ರಂಥಸಂಪಾದನಶಾಸ್ತ್ರ ಓದುವವರಿಗೆ ವಿಎಸ್ ಕೋಡಿನ ಮತ್ತೊಂದು ಸೌಲಭ್ಯ ಹಿಡಿಸೀತು. ಎರಡು ಕಡತಗಳನ್ನು ಅಕ್ಕಪಕ್ಕದಲ್ಲಿಟ್ಟು ಹೋಲಿಸುವಂತೆ ಹೇಳಿದರೆ ಎಲ್ಲೆಲ್ಲಿ ಭೇದವಿದೆಯೋ ಅಲ್ಲಲ್ಲಿ ಬಣ್ಣ ಹಚ್ಚಿ ತೋರಿಸುತ್ತದೆ. ಪ್ರೋಗ್ರಾಂ ಬರೆಯುವವರು ಇದನ್ನು ತಮ್ಮ ತಿದ್ದುಪಡಿಗಳನ್ನು ನೋಡಿಕೊಳ್ಳಲು ಬಳಸುತ್ತಾರೆ. ಒಂದೇ ಕಾವ್ಯದ ಎರಡು ಪ್ರತಿಗಳ ಪಾಠಾಂತರಗಳನ್ನು ಗುರುತಿಸಲು ಅದನ್ನು ಬಳಸುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಮುಂದಿನ ಸಾಲನ್ನು ತಾನೇ ಊಹಿಸಿ ಬರೆದುಕೊಡುವ ಕೃತಕ ಬುದ್ಧಿಮತ್ತೆಯ ಸಹಾಯಕವನ್ನೂ ಈಗ ಅದರೊಡನೆ ಕೊಡುತ್ತಿದ್ದಾರೆ. ಪ್ರಸ್ತಾರದ ಪ್ರೋಗ್ರಾಮನ್ನು ಅದು ಬರೆದುಕೊಟ್ಟೀತು. ಶಿಥಿಲದ್ವಿತ್ವವನ್ನು ಅದು ಸರಿಯಾಗಿ ಹಿಡಿಯಿತೇ ಎಂದು ನೋಡುವ ಹೊಣೆ ಛಂದಸ್ಸು ಓದಿದವರದೇ.

ಜೆಟ್‌ಬ್ರೇನ್ಸ್ ಸಂಸ್ಥೆಯ ಪೈಚಾರ್ಮ್ ಸಮರ್ಥವಾದುದು. ದೊಡ್ಡ ತಂತ್ರಾಂಶಗಳನ್ನು ಕಟ್ಟುವವರಿಗೆ ಅದರ ಬೆಲೆ ಗೊತ್ತು. 4 ಜಿಬಿ ರ‍್ಯಾಮಿನ ಯಂತ್ರದಲ್ಲಿ ಅದು ಏದುಸಿರು ಬಿಡುತ್ತದೆ, ನಮ್ಮ ಇನ್ನೂರು ಸಾಲಿನ ಪ್ರೋಗ್ರಾಮಿಗೆ ಅದರ ಅಗತ್ಯವೂ ಇಲ್ಲ. ಟರ್ಮಿನಲ್ಲಿನಲ್ಲಿ ನಡೆಯುವ ವಿಮ್ ಎಷ್ಟೇ ಕೀರ್ತಿವಂತವಾದರೂ ಕನ್ನಡಕ್ಕೆ ಹೇಳಿಸಿದ್ದಲ್ಲ. ಹೆಚ್ಚಿನ ಟರ್ಮಿನಲ್‌ಗಳು ಅಕ್ಷರಕ್ಕೊಂದು ಚೌಕ ಎಂಬ ಲೆಕ್ಕದಲ್ಲಿ ನಡೆಯುವುದರಿಂದ ಒತ್ತಕ್ಷರಗಳು ಅಲ್ಲಿ ನಜ್ಜುಗುಜ್ಜಾಗುತ್ತವೆ. ಈಮ್ಯಾಕ್ಸ್ ಮಾತ್ರ ತನ್ನದೇ ಕಿಟಕಿಯಲ್ಲಿ, 2020ರಲ್ಲಿ ಬಂದ 27ನೆಯ ಆವೃತ್ತಿಯ ನಂತರ ವಿಶೇಷವಾಗಿ, ಕನ್ನಡವನ್ನು ಚೆನ್ನಾಗಿ ಬರೆಯುತ್ತದೆ. ಅದನ್ನು ಕಲಿಯಲು ಬೇಕಾಗುವ ತಾಳ್ಮೆ ಎಲ್ಲರಲ್ಲೂ ಇರಲಾರದು.

ಪ್ರೋಗ್ರಾಮಿನೊಳಗಿನ ಹೆಸರುಗಳನ್ನೂ ಕನ್ನಡದಲ್ಲಿಯೇ ಇಡಬಹುದೇ ಎಂದು ಕೇಳುವವರುಂಟು. ಪೈಥಾನ್ ಅದಕ್ಕೆ ಅವಕಾಶ ಕೊಟ್ಟಿದೆ. ಲಘು, ಗುರು, ಮಾತ್ರೆ ಎಂದೇ ಚರಾಕ್ಷರಗಳಿಗೆ ಹೆಸರಿಟ್ಟರೆ ಪ್ರೋಗ್ರಾಂ ಛಂದಸ್ಸಿನ ಸೂತ್ರದಂತೆಯೇ ಓದಿಸಿಕೊಳ್ಳುತ್ತದೆ. ಹೆಸರಿನೊಳಗೆ ಮೇಲೆ ಹೇಳಿದ ಕಾಣದ ಸಂಕೇತ ಸೇರಿದರೆ ಪೈಥಾನ್ ಒಪ್ಪುವುದಿಲ್ಲ. ಅಂಕಿಗಳ ವಿಷಯದಲ್ಲಿ ಒಂದು ವಿಚಿತ್ರವಿದೆ: ಪ್ರೋಗ್ರಾಮಿನಲ್ಲಿ ನೇರವಾಗಿ ೧೨ ಎಂದು ಬರೆದರೆ ಅದು ದೋಷ, ಪಠ್ಯದಿಂದ ಬಂದ ‘೧೨’ನ್ನು ಸಂಖ್ಯೆಯಾಗಿ ಬದಲಿಸೆಂದರೆ ಮರುಮಾತಿಲ್ಲದೆ ಹನ್ನೆರಡೆಂದು ಓದುತ್ತದೆ. ಶಾಸನಗಳ ಶಕವರ್ಷಗಳನ್ನು ಕನ್ನಡ ಅಂಕಿಗಳಲ್ಲಿ ಬರೆದಿಟ್ಟುಕೊಂಡವರಿಗೆ ಇದು ಉಪಯೋಗಕ್ಕೆ ಬರುತ್ತದೆ. ಹೀಗಿದ್ದರೂ ಸಾಲುಸಾಲಿಗೂ ಕೀಲಿಮಣೆಯನ್ನು ಕನ್ನಡಕ್ಕೆ, ಇಂಗ್ಲಿಷಿಗೆ ತಿರುಗಿಸುತ್ತ ಕೂರುವುದು ಬೇಸರದ ಕೆಲಸ. ಕನ್ನಡ ಪಠ್ಯವನ್ನೆಲ್ಲ ಬೇರೆ ಕಡತದಲ್ಲಿಟ್ಟು, ಪ್ರೋಗ್ರಾಮಿನಲ್ಲಿ ಅತ್ಯವಶ್ಯವಾದ ಹೆಸರುಗಳನ್ನಷ್ಟೇ ಕನ್ನಡದಲ್ಲಿಡುವುದು ಅನುಕೂಲ.

ಹೊಸ ಪರಿಸರವೊಂದನ್ನು ಅಳವಡಿಸಿಕೊಂಡವರು ಐದು ನಿಮಿಷದ ಈ ಪರೀಕ್ಷೆಯನ್ನು ಮಾಡಿ ನೋಡಬಹುದು. ಹೊಸ ಕಡತದಲ್ಲಿ ಸ್ತ್ರೀ, ಸೂರ್ಯ, ರ‍್ಯಾಂಕ್, ರಾಜ್‌ಕುಮಾರ್ ಎಂಬ ನಾಲ್ಕು ಪದಗಳನ್ನು ಒಂದರ ಕೆಳಗೊಂದು ಬೆರಳಚ್ಚು ಮಾಡಿ, ಉಳಿಸಿ, ಮುಚ್ಚಿ, ಮತ್ತೆ ತೆರೆಯಬೇಕು. ಅರ್ಕಾವೊತ್ತು, ಯಕಾರದ ಒತ್ತು, ಕೂಡದೆ ಉಳಿದ ಜಕಾರ ಇವೆಲ್ಲ ಮೊದಲಿನಂತೆಯೇ ಇವೆಯೇ ಎಂದು ನೋಡಬೇಕು. ಆಮೇಲೆ ಪೈಥಾನಿನಿಂದ ಆ ಕಡತವನ್ನು ಓದಿಸಿ, ಸಾಲಿನ ಕೊನೆಯ ಗುರುತನ್ನು ಕಳೆದು, ‘ಸ್ತ್ರೀ’ ಎಂಬುದರ ಉದ್ದವನ್ನು ಕೇಳಬೇಕು. ಆರು ಎಂದರೆ ಎಲ್ಲವೂ ಸರಿ. ಏಳು ಎಂದರೆ ದೀರ್ಘ ಈಕಾರವು ಎರಡು ತುಂಡುಗಳಾಗಿ ಸೇರಿದೆ ಅಥವಾ ಕಾಣದ ಸಂಕೇತವೊಂದು ಜೊತೆಗೂಡಿದೆ ಎಂದರ್ಥ. ತುಂಡಾಗಿದ್ದರೆ ಪೈಥಾನಿನ ಯುನಿಕೋಡ್‌ಡೇಟಾ ಎಂಬ ಭಾಗದಲ್ಲಿರುವ ಎನ್‌ಎಫ್‌ಸಿ ವಿಧಾನವು ಅದನ್ನು ಕೂಡಿಸಿಕೊಡುತ್ತದೆ. ಹದಿನೆಂಟು ಎಂದು ಬಂದರೆ ಪೈಥಾನ್ ಬೈಟುಗಳನ್ನೇ ಎಣಿಸಿದೆ, ಕಡತವನ್ನು ತೆರೆಯುವ ಸಾಲನ್ನು ಮತ್ತೊಮ್ಮೆ ನೋಡಬೇಕು.